ದೇವದಾಸನ ಹೆಸರಿನಲ್ಲಿ ಒಂದು ಸೀಸೆ ರಕ್ತ

ಡೊಂಬಿವಲಿಯಲ್ಲಿ ದೇವದಾಸ ಶೆಟ್ಟಿಯಂಥ ತಲೆ ಇನ್ನೊಂದಿಲ್ಲ, ನಾಲಗೆಯೂ ಅಷ್ಟೇ. ಆ ನಾಲಗೆಯೇ ಅವನನ್ನು ಕೆಡಿಸಿದ್ದು. ಠಾಣೆ ನಗರದಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವದ ದಿನ ಮೈಕ್ ಕೈಗೆ ಸಿಕ್ಕಿತು. ಎದುರಿಗೆ ಡಯಾಲಿಸಿಸ್‌ನಿಂದ ಬಾಡಿಹೋದ ಅಣ್ಣ ಕುಶಲ ಕೂತಿದ್ದ. ನನ್ನ ಒಂದು ಕಿಡ್ನಿ ಅಣ್ಣನಿಗೆ ಎಂದುಬಿಟ್ಟ. ಚಪ್ಪಾಳೆಗೆ ಮುಂಬ್ರಾದ ಗುಡ್ಡ ಅಲುಗಿತು. ಕಿಡ್ನಿ ಹೊರಬರುವ ಮೊದಲೇ ಸಂಘದವರು ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಕೊಟ್ಟು ಸನ್ಮಾನ ಮುಗಿಸಿದರು.

ಮನೆಗೆ ಬಂದು ಶಾಲು ಮಡಿಸುವಾಗ ಹೆದರಿಕೆ ಹುಟ್ಟಿತು. ಕತ್ತರಿಗೆ ಹೆದರಿ ಕ್ಷೌರಕ್ಕೂ ಹೋಗದ ಪ್ರಾಣಿ ಅದು. ಒಲ್ಲೆ ಎಂದರೆ ಕಲ್ಯಾಣದಿಂದ ಉಡುಪಿವರೆಗೆ ಮುಖ ತೋರಿಸುವ ಹಾಗಿಲ್ಲ. ಒಲ್ಲೆ ಎನ್ನುವ ಕೆಲಸವನ್ನು ಆಸ್ಪತ್ರೆಯೇ ಮಾಡಬೇಕು.

ದಾರಿ ಇತ್ತು. ಖಾರಘರದ ಲ್ಯಾಬಿನಲ್ಲಿ ಅಣ್ಣನ ರಕ್ತಕ್ಕೆ ಕೊಡುವವನ ರಕ್ತ ಬೆರೆಸಿ, ಎರಡೂ ಕಾದಾಡುತ್ತವೆಯೇ ಎಂದು ನೋಡುತ್ತಾರೆ. ಕಾದಾಡಿದರೆ ಕಿಡ್ನಿ ರದ್ದು. ತಮ್ಮನ ರಕ್ತ ಹೊಂದೀತು, ಹೊರಗಿನವನದ್ದಾದರೆ ಕುರುಕ್ಷೇತ್ರವೇ. ತನ್ನ ಹೆಸರಲ್ಲಿ ರಕ್ತ ಕೊಡಲು ವಿಠ್ಠಲವಾಡಿಯ ಶೇಖರನನ್ನು ಆರಿಸಿದ. ಹದಿನೈದು ವರ್ಷ ಲೋಕಲ್ ರೈಲಿನಲ್ಲಿ ಇವನಿಗೆ ಜಾಗ ಹಿಡಿದಿಟ್ಟ ಗೆಳೆಯ, ಹುಬ್ಬಳ್ಳಿ ಕಡೆಯವ. ಉಡುಪಿಗೂ ಹುಬ್ಬಳ್ಳಿಗೂ ಸಾಂಬಾರೇ ಹೊಂದುವುದಿಲ್ಲ, ರಕ್ತ ಹೊಂದೀತೇ? ಗಣಪತಿ ಮಂಡಳ ಕೊಟ್ಟ ಶೇಖರನ ರಕ್ತದಾನದ ಕಾರ್ಡು ತರಿಸಿ ಗ್ರೂಪನ್ನೂ ನೋಡಿದ. ಅಣ್ಣತಮ್ಮಂದಿರದ್ದೇ ಗ್ರೂಪು. ಬೇರೆಯಾಗಿದ್ದರೆ ಲ್ಯಾಬಿಗೆ ಸಂಶಯ ಬರುತ್ತಿತ್ತು. ಇಂಥ ಸೂಕ್ಷ್ಮ ಠಾಣೆ ಜಿಲ್ಲೆಯ ಕಳ್ಳರೆಲ್ಲ ಸೇರಿದರೂ ಹೊಳೆಯದು. ಲ್ಯಾಬಿನಲ್ಲಿ ಗುರುತಿಗೆ ತೋರಿಸಬೇಕಾದ ಆಧಾರ್ ಕಾರ್ಡಿನ ಚಿಂತೆಯೇ ಇರಲಿಲ್ಲ. ಆ ಫೋಟೋದಲ್ಲಿ ದೇವದಾಸ ತನ್ನನ್ನು ಬಿಟ್ಟು ಉಳಿದೆಲ್ಲರನ್ನೂ ಹೋಲುತ್ತಿದ್ದ.

"ಸಿಕ್ಕಿಬಿದ್ರ ಹೆಂಗ್ರಿ ಶೆಟ್ರ?" ಎಂದ ಶೇಖರ.

"ನಿಮ್ಮ ರಕ್ತದಿಂದ ಒಂದು ಜೀವ ಉಳಿಯುತ್ತದೆ ಮಾರಾಯ್ರೆ," ಎಂದ ದೇವದಾಸ. ಯಾರ ಜೀವ ಎಂದು ಹೇಳಲಿಲ್ಲ.

ಶೇಖರ ಹೋದ, ತೋಳು ಚಾಚಿದ, ದೇವದಾಸನ ಹೆಸರಲ್ಲಿ ಸಹಿ ಹಾಕಿ ಬಂದ. ಇತ್ತ ದೇವದಾಸ ವಾರವಿಡೀ ಕನ್ನಡಿ ಮುಂದೆ ದುಃಖದ ಮುಖ ಅಭ್ಯಾಸ ಮಾಡಿದ. ಅದನ್ನು ಕಂಡು ಮನೆಯ ಬೆಕ್ಕು ಎರಡು ದಿನ ಹಾಲು ಬಿಟ್ಟಿತು.

ವರದಿಯ ದಿನ ಅಣ್ಣನ ಪಕ್ಕ ಆಸ್ಪತ್ರೆಯಲ್ಲಿ ಕೂತ. ಕಿಡ್ನಿ ಕಸಿಯ ವ್ಯವಸ್ಥೆ ನೋಡಿಕೊಳ್ಳುವ ಅಶ್ಮಿತಾ, ಇಲ್ಲೇ ಹುಟ್ಟಿ ಬೆಳೆದ ಕುಂದಾಪುರದವರ ಮಗಳು, ಕಾಗದ ತೆರೆದಳು. ದೇವದಾಸ ಅಳಲು ಬಾಯಿ ತೆರೆದ. "ಟೆನ್ಶನ್ ನಕೋ ಕಾಕಾ, ಚಿಂತೆ ಬೇಡ, ಎಲ್ಲ ಹೊಂದಿದೆ," ಎಂದಳು.

ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಯಿಂದ ಕುಶಲ ತಮ್ಮನ ಕೈ ಹಿಡಿದು ಮಗುವಿನಂತೆ ಅತ್ತ. ದೇವದಾಸ ಕಾಗದ ಎಳೆದುಕೊಂಡು ಹೆಸರು ನೋಡಿದ, ತನ್ನದೇ. ಆ ರಕ್ತ ನನ್ನದಲ್ಲ ಎಂದರೆ ಪೊಲೀಸು, ಎನ್ನದಿದ್ದರೆ ಕತ್ತಿ.

ಲ್ಯಾಬಿನವರು ತಪ್ಪಿರಬಹುದಲ್ಲವೇ ಎಂದು ಮೆಲ್ಲಗೆ ಕೇಳಿದ. "ಆಪರೇಷನ್ನಿಗೆ ಮೊದಲು ನಮ್ಮೆದುರೇ ನಿಮ್ಮ ರಕ್ತ ತೆಗೆದು ಇನ್ನೊಮ್ಮೆ ನೋಡ್ತೇವೆ, ಆದರೆ ಹೆದರಬೇಡಿ," ಎಂದಳು ಅಶ್ಮಿತಾ. "ಈ ಟೆಸ್ಟು ರಕ್ತಸಂಬಂಧ ನೋಡೋದಿಲ್ಲ. ಜಗಳ ಶುರುವಾಗೋದು ಮೊದಲೇ ಬೇರೆಯವರ ರಕ್ತ ಮೈಗೆ ಹೋಗಿದ್ದರೆ ಮಾತ್ರ. ಕುಶಲ ಕಾಕಾಗೆ ಈವರೆಗೆ ಒಂದು ಬಾಟಲಿ ರಕ್ತವೂ ಹಾಕಿಲ್ಲ. ಅವರ ರಕ್ತಕ್ಕೆ ಲೋಕದಲ್ಲಿ ಯಾರ ಮೇಲೂ ಹಗೆಯಿಲ್ಲ. ಗ್ರೂಪು ಒಂದೇ ಆಗಿದ್ದರೆ ರಸ್ತೆಯಲ್ಲಿ ಹೋಗುವವರದ್ದೂ ಹೊಂದುತ್ತಿತ್ತು."