ನುಡಿಗನ್ನಡಿಗೆ ಸಿಕ್ಕದ ‘ರೀ’

ನುಡಿಗನ್ನಡಿ ಯಂತ್ರದ ಪಟ್ಟಿಯನ್ನು ನೀಲಾಂಬಿಕೆಯ ಹಣೆಗೆ ಸುತ್ತಿದೊಡನೆ ಅದರ ಹಸಿರು ದೀಪ ಹೊತ್ತಿಕೊಂಡಿತು. “ಗುಡ್ ಮಾರ್ನಿಂಗ್, ಮೈ ಚೈಲ್ಡ್,” ಎಂದಿತು ಒಳಗಿನ ದನಿ. ಮಕ್ಕಳು ಹೆದರದಿರಲೆಂದು ಯಂತ್ರಕ್ಕೆ ವಯಸ್ಸಾದ ಹೆಂಗಸೊಬ್ಬಳ ದನಿ ಕೊಟ್ಟಿದ್ದರು. ನೀಲಾ ಮೈ ಸೆಟೆಸಿ ಕುಳಿತಳು. ಅವಳ ಶಿಕ್ಷಕಿ ಜೈಬುನ್ನಿಸಾ ಅಕ್ಕೋರು ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು.

ಬೆಟಗೇರಿಯ ಆ ಸರಕಾರಿ ಶಾಲೆಗೆ ನುಡಿಗನ್ನಡಿ ಬಂದದ್ದು ಒಳ್ಳೆಯ ಉದ್ದೇಶದಿಂದಲೇ. ಹಿಂದೆಲ್ಲ ಯಾವ ಮಗುವಿಗೆ ಇಂಗ್ಲಿಷ್ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ತೀರ್ಮಾನಿಸುವಾಗ ತಂದೆಯ ಕಸುಬು, ಮಗುವಿನ ಅಂಗಿ, ಗುರುಗಳ ಆ ಹೊತ್ತಿನ ಸಿಟ್ಟು ಎಲ್ಲವೂ ನಡುವೆ ಬರುತ್ತಿದ್ದವು. ಯಂತ್ರಕ್ಕೆ ಇದಾವುದರ ಗೊಡವೆಯೂ ಇಲ್ಲ. ಮಾತು ಹುಟ್ಟುವಾಗ ಮಿದುಳಿನಲ್ಲಿ ಏಳುವ ನುಡಿಯಲೆಗಳನ್ನಷ್ಟೇ ಅದು ಓದುತ್ತದೆ. ಮಾತೂ ಅಲೆಯೂ ಒಟ್ಟಿಗೇ ಮುಗಿದರೆ ಮಗು ಇಂಗ್ಲಿಷಿನಲ್ಲೇ ಯೋಚಿಸುತ್ತಿದೆ ಎಂದರ್ಥ. ಅದು ನಿಪುಣ ವರ್ಗಕ್ಕೆ ಹೋಗುತ್ತದೆ. ಮಾತು ನಿಂತ ಮೇಲೂ ಅಲೆಯ ಬಾಲ ಉಳಿದರೆ ಮಗು ಇನ್ನೂ ಪದಕ್ಕಾಗಿ ತಡಕಾಡುತ್ತಿದೆ. ಅದು ಕಲಿಕಾ ವರ್ಗದಲ್ಲೇ ಇರಬೇಕು. ಅಲ್ಲಿ ಅರ್ಧ ದಿನವೆಲ್ಲ ಇಂಗ್ಲಿಷ್ ಪಾಠ. ಖಗೋಳದ ತರಗತಿ, ಗುಡ್ಡದ ಮೇಲಿನ ದೊಡ್ಡ ದೂರದರ್ಶಕ, ಇವೆಲ್ಲ ನಿಪುಣರಿಗೆ ಮಾತ್ರ.

ನೀಲಾಗೆ ಆ ದೂರದರ್ಶಕದ ಹುಚ್ಚು. ಶಾಲೆಯಲ್ಲಿದ್ದ ಇಂಗ್ಲಿಷ್ ಖಗೋಳ ಪುಸ್ತಕಗಳನ್ನೆಲ್ಲ ಅರೆದು ಕುಡಿದಿದ್ದಳು. ಆದರೂ ಪ್ರತಿ ಪರೀಕ್ಷೆಯಲ್ಲೂ ಯಂತ್ರ ಅವಳನ್ನು ಹಿಂದಕ್ಕೆ ಕಳಿಸಿತ್ತು. ಈಗ ಎಂಟನೆಯ ತರಗತಿ ಮುಗಿಯುತ್ತಿದೆ. ಇವತ್ತು ದಾಟದಿದ್ದರೆ ಹೈಸ್ಕೂಲು ಮುಗಿಯುವವರೆಗೂ ಕಲಿಕಾ ವರ್ಗವೇ ಗತಿ.

“ದಿ ಮೂನ್ ಹ್ಯಾಸ್ ನೋ ಲೈಟ್ ಆಫ್ ಇಟ್ಸ್ ಓನ್,” ಎಂದು ನೀಲಾ ಸರಾಗವಾಗಿ ಹೇಳಿದಳು. ಕೆಂಪು ದೀಪ ಹೊತ್ತಿತು.

ಯಂತ್ರವನ್ನು ಕಂಡುಹಿಡಿದ ಡಾಕ್ಟರ್ ವಿಜಯಸಾರಥಿ ಮೈಸೂರಿನಿಂದ ಬಂದು ಅಲ್ಲೇ ಕುಳಿತಿದ್ದರು. ಈ ಭಾಗದ ಮಕ್ಕಳು ಯಾಕೆ ಒಬ್ಬರೂ ದಾಟುವುದಿಲ್ಲ ಎಂಬುದು ಅವರಿಗೂ ತಲೆನೋವಾಗಿತ್ತು.

“ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಕ್ಕಳು ಬಾಯಿಪಾಠ ಒಪ್ಪಿಸ್ತಾರೆ, ಅಷ್ಟೆ. ನೋಡಿ, ಪ್ರತಿ ಮಾತಿನ ಕೊನೇಲೂ ಬಾಲ ಉಳ್ಕೊಂಡಿದೆ,” ಎಂದು ಯಂತ್ರದ ತೆರೆಯ ಮೇಲಿನ ಅಲೆಗಳನ್ನು ತೋರಿಸಿದರು.

ಅಕ್ಕೋರಿಗೆ ಮೈಯೆಲ್ಲ ಉರಿಯಿತು. “ನಿಮ್ಮ ಮಷೀನ ಕೆಟ್ಟೈತ್ರಿ ಸರ. ಈ ಹುಡುಗಿ ನನ್ನ ಇಂಗ್ಲಿಷ್ ತಿದ್ದತಾಳ್ರಿ!”

“ಮೈಸೂರಲ್ಲಿ ಸರಿಯಾಗೇ ಕೆಲಸ ಮಾಡುತ್ತಲ್ಲ?”

“ಹಂಗಾರ ಮೈಸೂರಾಗ ಇಟ್ಕೋರಿ!”

ಡಾಕ್ಟರು ಸಿಟ್ಟಾಗಲಿಲ್ಲ. ಮನುಷ್ಯ ಒಳ್ಳೆಯವರೇ. ನೀಲಾಳ ಕಡೆ ತಿರುಗಿ, “ಮಾತು ಮುಗಿದ ಮೇಲೂ ಮನಸ್ಸಲ್ಲಿ ಏನಮ್ಮಾ ಹುಡುಕ್ತೀಯ?” ಎಂದು ಕೇಳಿದರು.

“ಏನೂ ಹುಡುಕೂದಿಲ್ರಿ.” ನೀಲಾ ತಡವರಿಸಿದಳು. “ಒಳಗಿನ ಅವ್ವಾರು ದೊಡ್ಡಾವ್ರಲ್ರಿ? ಅವ್ರಿಗೆ ಬರೇ ಯಸ್, ನೋ ಅಂದ್ರ ಹೆಂಗ್ರಿ? ಇಂಗ್ಲಿಷ್‌ನ್ಯಾಗ ‘ರೀ’ ಹಚ್ಚಾಕ ಜಾಗಾನ ಇಲ್ಲ. ಅದಕ್ಕ ಮನಸಿನ್ಯಾಗ ಅಂತೀನ್ರಿ.”

ಅಕ್ಕೋರು ಬಾಯಿಗೆ ಸೆರಗು ಹಿಡಿದರು. ದಿನಬೆಳಗಾದರೆ ನೂರು ಸಲ ಆಡುವ ಮಾತು ತಮ್ಮ ಕಿವಿಗೇ ಬಿದ್ದಿರಲಿಲ್ಲವಲ್ಲ! ಡಾಕ್ಟರಿಗೆ ಇನ್ನೂ ನಂಬಿಕೆ ಬರಲಿಲ್ಲ. ಕಿಟಕಿಯಲ್ಲಿ ಬಿಸಿಯೂಟಕ್ಕೆ ಕಾದು ಕುಳಿತಿದ್ದ ಬೆಕ್ಕನ್ನು ತೋರಿಸಿ, ಅದೇ ಮಾತನ್ನು ಅದಕ್ಕೆ ಹೇಳು ಎಂದರು. ನೀಲಾ ಚಂದ್ರನ ಸಂಗತಿಯನ್ನು ಬೆಕ್ಕಿಗೆ ಇಂಗ್ಲಿಷಿನಲ್ಲಿ ವಿವರಿಸಿದಳು. ತೆರೆಯ ಮೇಲೆ ಬಾಲದ ಸುಳಿವೇ ಇರಲಿಲ್ಲ.

“ಬೆಕ್ಕಿಗ್ಯಾಕ್ರಿ ರೀ?” ಎಂದಳು ನೀಲಾ.

ಡಾಕ್ಟರು ನಕ್ಕು ಅಂಗಿಯ ತೋಳು ಮಡಚಿದರು. ಇದು ತಡಕಾಟವಲ್ಲ, ಮರ್ಯಾದೆಯ ಮಾತು, ಇದನ್ನು ಕಲಿತುಕೋ ಎಂದು ಯಂತ್ರಕ್ಕೆ ಆದೇಶ ಕೊಟ್ಟರು. ನುಡಿಗನ್ನಡಿ ಶಾಲೆಯ ಮಕ್ಕಳ ಹಳೆಯ ಅಲೆಗಳನ್ನೆಲ್ಲ ತಿರುವಿಹಾಕಿತು. ಊಟದ ಗಂಟೆ ಮುಗಿಯುವ ಹೊತ್ತಿಗೆ ಅದರ ಕಲಿಕೆಯೂ ಮುಗಿಯಿತು.

“ಗುಡ್ ಆಫ್ಟರ್‌ನೂನ್ ರೀ,” ಎಂದಿತು ಯಂತ್ರ.

ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಪ್ರತಿ ಪರೀಕ್ಷೆಗೆ ಮುನ್ನ ಯಂತ್ರ ತನ್ನನ್ನು ತಾನೇ ಅಳೆದುಕೊಳ್ಳಬೇಕೆಂದು ಡಾಕ್ಟರೇ ನಿಯಮ ಮಾಡಿದ್ದರು. ಅದು ಅಳೆದುಕೊಂಡಿತು. ತನ್ನ ಇಂಗ್ಲಿಷ್ ಮಾತಿನ ಕೊನೆಯಲ್ಲಿ ಇಂಗ್ಲಿಷಲ್ಲದ ಬಾಲ ಕಂಡಿತು. ಮಕ್ಕಳ ಬಾಲವನ್ನು ಮನ್ನಿಸಲು ಅದಕ್ಕೆ ಆದೇಶವಿತ್ತು, ತನ್ನ ಬಾಲವನ್ನು ಮನ್ನಿಸಲು ಇರಲಿಲ್ಲ. ಕೆಂಪು ದೀಪ ಹೊತ್ತಿಸಿಕೊಂಡು, ತಾನಿನ್ನು ಕಲಿಕಾ ವರ್ಗಕ್ಕೆ ಸೇರಿದವಳೆಂದು ಸಾರಿತು. ಕಲಿಕಾ ವರ್ಗದವರು ಇನ್ನೊಬ್ಬರ ಪರೀಕ್ಷೆ ಮಾಡುವಂತಿಲ್ಲ ಎಂದು ಹೇಳಿ ತನ್ನ ತೆರೆಯನ್ನು ಆರಿಸಿಕೊಂಡಿತು.

“ಇದನ್ನ ತಿದ್ದೋಕೆ ವಾರ ಬೇಕು,” ಎಂದು ಡಾಕ್ಟರು ತಲೆಯ ಮೇಲೆ ಕೈ ಹೊತ್ತರು.

“ಕಡೀ ದಿನ ಇವತ್ತ ಐತ್ರಿ,” ಎಂದಳು ನೀಲಾ. ಅವಳ ಕಣ್ಣು ತುಂಬಿ ಬಂದಿತ್ತು.

ಅಕ್ಕೋರಿಗೆ ಅದನ್ನು ನೋಡಲಾಗಲಿಲ್ಲ. “ಅದಕ್ಕ ಆಗಲಿಲ್ಲಂದ್ರ ನಮಗ ಕಿವಿ ಇಲ್ಲೇನ್ರಿ ಸರ? ಕೂಡ್ರಿ. ಹುಡುಗಿ ಮಾತಾಡ್ತಾಳ, ನಾವಿಬ್ಬರೂ ಕೇಳೂಣು.”

ಯಂತ್ರ ಕೈಕೊಟ್ಟರೆ ಶಿಕ್ಷಕರೂ ತಜ್ಞರೂ ಕೂಡಿ ಕೇಳಿ ತೀರ್ಮಾನಿಸಬಹುದು ಎಂಬ ನಿಯಮವೊಂದು ಇತ್ತು. ಯಂತ್ರ ಕೈಕೊಡುವುದೇ ಇಲ್ಲ ಎಂಬ ಧೈರ್ಯದಲ್ಲಿ ಎಲ್ಲರೂ ಅದನ್ನು ಮರೆತಿದ್ದರು. ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತರು. ನೀಲಾ ಮೊದಲು ಅಂಜಿದಳು. ಗ್ರಹಣದ ಮಾತು ಬಂದದ್ದೇ ತಡ, ಅವಳನ್ನು ಹಿಡಿಯುವವರಿಲ್ಲ. ಡಾಕ್ಟರು ಪರೀಕ್ಷೆಯ ಪ್ರಶ್ನೆಗಳನ್ನು ಬದಿಗಿಟ್ಟು, ತಮಗೆ ತಿಳಿಯಬೇಕೆನಿಸಿದ್ದನ್ನು ಕೇಳತೊಡಗಿದರು. ಒಂದು ಮಗು ಮಾತಾಡುವುದನ್ನು ತೆರೆ ನೋಡದೆ ಕೇಳಿ ಅವರಿಗೆ ಎಷ್ಟೋ ಕಾಲವಾಗಿತ್ತು, ಬಹಳ ಸಂತೋಷವಾಯಿತು.

“ನಿಪುಣ ವರ್ಗ,” ಎಂದು ಬರೆದು ರುಜು ಹಾಕಿದರು. “ಮಿಕ್ಕ ಮಕ್ಕಳನ್ನೂ ಕರೀರಿ ಮೇಡಂ. ಮೈಸೂರಿನ ಗಾಡಿ ತಪ್ಪಿದ್ರೂ ಚಿಂತೆಯಿಲ್ಲ.”

ನೀಲಾ ಎದ್ದು ನಿಂತಳು. “ಥ್ಯಾಂಕ್ ಯೂ,” ಎಂದು ಅಲ್ಲಿಗೇ ತುಟಿ ಬಿಗಿದಳು.

ಹಣೆಗೆ ಪಟ್ಟಿ ಇರಲಿಲ್ಲ, ತೆರೆಯೂ ಆರಿತ್ತು. ಆದರೂ ಡಾಕ್ಟರಿಗೆ ಕಂಡಿತು. “ಇನ್ನೂ ಏನೋ ಉಳೀತಲ್ಲಮ್ಮಾ?” ಎಂದರು.

“ರೀ!” ಎಂದಳು ನೀಲಾ, ಬಾಯಿ ತುಂಬಾ.