ಮಲ್ಲಿಗೆ ತೋಟದ ನೀರು ಕಟ್ಟಿದವರು ಯಾರು?

೧೯೭೮ರ ಶ್ರಾವಣ. ಮಾನ್ವಿಯಲ್ಲಿ ಮಳೆ ಆಗಷ್ಟೇ ನಿಂತಿತ್ತು. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದ ನಿವೃತ್ತ ಶಿಕ್ಷಕಿ ಕುಬ್ರಾ ಬೇಗಂ ಕಿರುಚಿದರು. ಅರವತ್ತು ಮಲ್ಲಿಗೆ ಗಿಡಗಳು ಮೊಣಕಾಲುದ್ದ ನೀರಿನಲ್ಲಿದ್ದವು!

ಎರೆಭೂಮಿ, ನೀರು ಇಂಗದು. ಅದಕ್ಕೇ ಅವರು ಹಿಂದಿನ ತಿಂಗಳು ತೋಟದಲ್ಲಿ ಕಾಲುವೆ ತೋಡಿಸಿ, ಜಲ್ಲಿ ತುಂಬಿಸಿ, ಗೋಡೆಯಾಚೆಗೆ ಕೊಳವೆ ಇಡಿಸಿದ್ದರು. ಈಗ ಆ ಕೊಳವೆಯ ಹೊರಬಾಯಿಗೆ ಯಾರೋ ಬಟ್ಟೆ ತುರುಕಿದ್ದರು. ಸಾಕ್ಷಿಯೆಂದು ಅವರು ಅದನ್ನು ಮುಟ್ಟಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಹಂಪಣ್ಣ ಸೈಕಲ್ ಏರಿ ಬಂದ.

"ಮಾಲಿ ಮೌಲಾಹುಸೇನನ ಕೆಲ್ಸಾರೀ ಇದು. ಹೋದ ವಾರ ಕೆಲಸಾ ಬಿಡಿಸಿದ್ದೆ. ಸಿಟ್ಟು ತೀರಿಸ್ಕೊಂಡಾನ," ಎಂದರು ಕುಬ್ರಾ.

* * *

ಮೌಲಾಹುಸೇನ ಹಂಪಣ್ಣನಿಗೆ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕ.

"ಮೂರು ದಿನ ಪೋತ್ನಾಳದಾಗ ಮಗಳ ಮನ್ಯಾಗಿದ್ದೆ, ಸಾಹೇಬ್ರ. ನಾ ನೆಟ್ಟ ಗಿಡಾನ ನಾನ ಕೊಲ್ತೀನೇನ್ರಿ?"

"ಸೋಮವಾರ ಹತ್ಯಾನ, ಈಗ ಇಳಿದಾನ," ಎಂದ ಪೋತ್ನಾಳ ಬಸ್ಸಿನ ಕಂಡಕ್ಟರ್.

* * *

ಹಂಪಣ್ಣ ಗೋಡೆಯಾಚೆ ಹೋಗಿ, ಹಿಟ್ಟು ಮೆತ್ತಿದ್ದ ಅಂಚು ಹಿಡಿದು ಬಟ್ಟೆ ಎಳೆದ. ನೀರು ಧುಮುಕಿ ಇಳಿಜಾರಿನಲ್ಲಿ ಓಡಿತು. ಅವನೂ ಅದರ ಹಿಂದೆ ಓಡಿದ. ನೀರು ಸೀದಾ ಒಂದು ಗುಡಿಸಲಿನ ಅಡುಗೆಮೂಲೆಗೆ ನುಗ್ಗಿತು.

"ಯಾವನಲೇ ಅದನ್ನ ತಗದಾವ?" ಒಳಗಿಂದ ಯಮನಮ್ಮ ಗುಡುಗಿದಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುವವಳು.

ಹಂಪಣ್ಣ ಓಡಿಹೋಗಿ ಮತ್ತೆ ಬಟ್ಟೆ ತುರುಕಿದ. ಅವನಿಗೆ ನಗು ತಡೆಯಲಾಗಲಿಲ್ಲ.

* * *

"ಸಿಟ್ಟಿನವ ಗಿಡಾ ಕೀಳ್ತಿದ್ದ, ಜಲ್ಲಿ ಕೆದರ್ತಿದ್ದ," ಎಂದು ಹಂಪಣ್ಣ ಎಲ್ಲರ ಮುಂದೆ ವಿವರಿಸಿದ. "ಇಲ್ಲಿ ಹೊರಬಾಯಿ ಅಷ್ಟೇ ಮುಚ್ಚಿತ್ತು. ಅಂದ್ರ ಹೊರಗ ಬರೋ ನೀರಿನಿಂದ ಯಾರಿಗೋ ತ್ರಾಸ. ಬಟ್ಟಿ ಅಂಚಿನ್ಯಾಗ ಜೋಳದ ಹಿಟ್ಟಿತ್ತು. ಹೌದಲ್ಲ ಯವ್ವಾ?"

"ಹೌದ್ರಿ, ನಾನೇ. ಹೋದ ಮಳಿಗೆ ಮಣ್ಣಿನ ಒಲಿ ಕರಗಿ ಹೋತು. ಹೇಳಾಕ ಬಂದ್ರ ಟೀಚರಮ್ಮಾರು ನಾಳೆ ಬಾ ಅಂದ್ರು."

ಕುಬ್ರಾ ತಲೆ ತಗ್ಗಿಸಿದರು. "ಅಂದಿದ್ದೆ. ಯಾಕ ಬಂದೀ ಅಂತ ಸೈತ ಕೇಳಲಿಲ್ಲ." ಆಮೇಲೆ ಮಾಲಿಯತ್ತ ತಿರುಗಿದರು. "ನನ್ನದು ತಪ್ಪಾತು. ಸಲಿಕಿ ತಗೊಂಡು ಬಾ, ಮೌಲಾ."

ಸಂಜೆಯೊಳಗೆ ಕೊಳವೆಯ ಬಾಯಿಂದ ಗುಡಿಸಲನ್ನು ಸುತ್ತುಬಳಸಿ ಹಳ್ಳದವರೆಗೆ ಹೊಸ ಕಾಲುವೆ ಸಿದ್ಧವಾಯಿತು. ಕುಬ್ರಾ ಬೇಗಂ ತಾವೇ ಬುಟ್ಟಿ ಹೊತ್ತು ಜಲ್ಲಿ ಸುರಿದರು. ಮೂರು ಗಿಡ ಸತ್ತವು, ಉಳಿದವು ಬದುಕಿದವು. ಹೊಸ ಒಲೆ ಒಣಗುವವರೆಗೆ ಯಮನಮ್ಮ ರೊಟ್ಟಿ ಬಡಿದದ್ದು ಟೀಚರಮ್ಮನ ಅಡುಗೆಮನೆಯಲ್ಲಿ.