ಮೂರು ಹಾವಿನ ವಿಷ, ಒಂದು ಪೆಟ್ಟಿಗೆ ಐಸು

"ಮೂರು ಹಾವು ಸಿಗಬೇಕು. ಮೂರರ ವಿಷವೂ ಸಂಜೆ ಆರರೊಳಗೆ ತಣ್ಣಗೆ ಮಣಿಪಾಲ ಸೇರಬೇಕು. ಇಷ್ಟೇ ಕೆಲಸ!" ಕಾರ್ಕಳದಾಚೆ ಘಟ್ಟದ ಬುಡದಲ್ಲಿ ಜೀಪಿನಿಂದ ಇಳಿಯುತ್ತ ರಾಹಿಲಾ ಹೇಳಿದಳು. ಬೆಳಗ್ಗೆ ಏಳು ಗಂಟೆ. ಮೇ ತಿಂಗಳ ಮೊದಲ ಮಳೆ ಬಿದ್ದು ಕಾಡೆಲ್ಲ ಹಬೆಯಾಡುತ್ತಿತ್ತು.

"ಇಷ್ಟೇಯಾ?" ಧನರಾಜ್ ನಕ್ಕ. "ಊರವರಿಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಿಮಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನೊಬ್ಬ ಸತ್ತರೆ ಅಡ್ಡಿಯಿಲ್ಲ ಅಲ್ವಾ ಮೇಡಂ?"

ಕೆಮ್ಮಣ್ಣು ಊರಿನ ಮೀನುಗಾರರ ಮನೆಯವನು ಧನರಾಜ್. ಹತ್ತು ವರ್ಷಗಳಿಂದ ಮನೆಗಳಿಗೆ ನುಗ್ಗಿದ ಹಾವು ಹಿಡಿದು ಕಾಡಿಗೆ ಬಿಡುತ್ತಿದ್ದಾನೆ. ಕಾಪುವಿನ ರಾಹಿಲಾ ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಮೂರು ವರ್ಷಗಳಿಂದ ಹಳ್ಳಿಯ ಆಸ್ಪತ್ರೆಗೂ ಎಟುಕುವಂಥ ಅಗ್ಗದ ವಿಷಮದ್ದಿಗಾಗಿ ಹೆಣಗುತ್ತಿದ್ದಾಳೆ. ಈಗ ಸಿಗುವ ಮದ್ದು ನಾಗರ, ಕಟ್ಟುಹಾವು, ಎರಡು ಜಾತಿಯ ಮಂಡಲದ ಹಾವುಗಳಿಗೆ ಸರಿ. ತರಗೆಲೆಯಲ್ಲಿ ತರಗೆಲೆಯಾಗಿ ಮಲಗುವ, ಮೂಗು ಮೇಲೆದ್ದ, ಒಂದೂವರೆ ಗೇಣಿನ ಗುಳಿಮಂಡಲ ಮಾತ್ರ ಅದಕ್ಕೆ ಬಗ್ಗುವುದಿಲ್ಲ. ರಾಹಿಲಾಳ ಹೊಸ ಮದ್ದು ಬಗ್ಗಿಸುತ್ತದೆಯೇ? ನಾಳೆ ಪರೀಕ್ಷೆ. ಅರಣ್ಯ ಇಲಾಖೆಯ ಅನುಮತಿ ಇವತ್ತಿಗೇ ಮುಗಿಯುತ್ತದೆ. ಇವತ್ತು ತಪ್ಪಿದರೆ ಇನ್ನೊಂದು ವರ್ಷ ಹೋದಂತೆಯೇ!

ದಾರಿ ತೋರಿಸಲು ಬಂದವಳು ಪುಷ್ಪಾವತಿ, ಕಾಡಂಚಿನಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವಾಕೆ. ಅವಳ ಗಂಡ ವಾಸುವಿಗೆ ಹೋದ ವರ್ಷ ಇದೇ ಹಾವು ಕಚ್ಚಿತ್ತು. ಬಾಟಲಿಗಟ್ಟಲೆ ಮದ್ದು ಹಾಕಿದರೂ ನಾಟಲಿಲ್ಲ. ಕಿಡ್ನಿ ಹೋಯಿತು. ಈಗ ಅವನು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆಂದು ಉಡುಪಿ ಬಸ್ಸು ಹತ್ತುತ್ತಾನೆ.

"ನಿಮ್ಮ ಮದ್ದು ಬಂದರೂ ಇವರ ಕಿಡ್ನಿ ಬರುವುದಿಲ್ಲ, ಗೊತ್ತುಂಟು," ಎಂದಳು ಪುಷ್ಪಾವತಿ. "ಬೇರೆಯವರದ್ದು ಉಳಿಯಲಿ. ನಡೀರಿ."

ಮೇಲೆ ಹೋದಂತೆ ಕಾಡು ದಟ್ಟವಾಯಿತು. ಮರದ ಬೇರುಗಳು ದಾರಿಗೆ ಅಡ್ಡ ಬಿದ್ದಿದ್ದವು, ಜಿಗಣೆಗಳು ಬೂಟು ಹತ್ತುತ್ತಿದ್ದವು, ಎಲ್ಲೋ ಒಂದು ಮಂಗಟ್ಟೆ ಹಕ್ಕಿ ಬೊಬ್ಬೆ ಹೊಡೆಯುತ್ತಿತ್ತು. ಪುಷ್ಪಾವತಿಯ ಕಣ್ಣೋ, ಎಲೆಯನ್ನೂ ಹಾವನ್ನೂ ಬೇರೆ ಮಾಡುವ ಕಣ್ಣು! ಹನ್ನೊಂದರೊಳಗೆ ಎರಡು ಹಾವು ಸಿಕ್ಕವು. ಧನರಾಜ್ ಅವುಗಳನ್ನು ಪಾರದರ್ಶಕ ಕೊಳವೆಗೆ ಉಪಾಯವಾಗಿ ಹತ್ತಿಸಿದ. ರಾಹಿಲಾ ತೆಳು ಹಾಳೆ ಬಿಗಿದ ಸೀಸೆ ಹಿಡಿದಳು. ಹಾವು ಕಚ್ಚಿತು, ಹಳದಿ ಹನಿ ಇಳಿಯಿತು. ಸೀಸೆ ಐಸ್ ಪೆಟ್ಟಿಗೆಗೆ, ಹಾವು ಸಿಕ್ಕಿದ ಜಾಗಕ್ಕೇ.

ಮೂರನೆಯದಕ್ಕೆ ತೊರೆ ದಾಟಿ ಬಂಡೆ ಹತ್ತಬೇಕಾಯಿತು. ರಾಹಿಲಾ ಒಂದು ಬೇರು ಹಿಡಿದು ಮೈ ಎಳೆದುಕೊಂಡಳು.

"ಅಲ್ಲೇ ಇರಿ! ಕೈ ಅಲ್ಲಾಡಿಸಬೇಡಿ!"

ಪುಷ್ಪಾವತಿಯ ದನಿ ಕತ್ತಿಯಂತಿತ್ತು.

ರಾಹಿಲಾಳ ಮಣಿಕಟ್ಟಿನಿಂದ ನಾಲ್ಕು ಬೆರಳು ದೂರದಲ್ಲಿ ಒಂದು ಎಲೆ ಕಣ್ಣು ಬಿಟ್ಟಿತ್ತು.

ಯಾ ಅಲ್ಲಾ! ಇದಕ್ಕೆ ಮದ್ದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೂಟು ಪಾಚಿಯ ಮೇಲೆ ಜಾರುತ್ತಿತ್ತು.

ಧನರಾಜ್‌ನ ಕೊಕ್ಕೆ ಮೆಲ್ಲಗೆ ಬಂತು. ಹಾವು ಛಟ್ಟನೆ ಹಾರಿ ಕೊಕ್ಕೆಯನ್ನೇ ಕಚ್ಚಿತು. ಮರುಗಳಿಗೆ ಅದು ಗಾಳಿಯಲ್ಲಿ ತೂಗಾಡುತ್ತಿತ್ತು. ರಾಹಿಲಾ ಕೆಸರಿನಲ್ಲಿ ಕುಕ್ಕರಿಸಿದ್ದಳು, ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಮೂರನೆಯ ಹನಿಯೂ ಸಿಕ್ಕಿತು! ಸೀಸೆ ಇಡಲು ಪೆಟ್ಟಿಗೆ ತೆರೆದರೆ, ಬೆಣ್ಣೆ ಬರುವ ಹೊತ್ತಿಗೆ ಮಡಕೆ ಒಡೆದ ಹಾಗೆ, ಒಳಗೆ ಎರಡು ಸೀಸೆಗಳ ಪಕ್ಕ ನಿಂಬೆಹಣ್ಣಿನ ಗಾತ್ರದ ಎರಡು ಐಸ್ ತುಂಡು ಬಿಟ್ಟರೆ ಏನೂ ಇಲ್ಲ.

ಧನರಾಜ್ ತಲೆಯ ಮೇಲೆ ಕೈ ಹೊತ್ತ. "ಬುಡದ ಬಿರಡೆ ನಾನೇ ತೆಗೆದದ್ದು ಮೇಡಂ. ದೋಣಿಯ ಅಭ್ಯಾಸ. ನೀರು ನಿಂತರೆ ಮೀನು ಮೆತ್ತಗಾಗ್ತದೆ ಅಂತ ಯಾವಾಗಲೂ ತೆಗೆದೇ ಇಡುವುದು. ಒಳಗೆ ಮೀನಿಲ್ಲ ಅಂತ ನೆನಪೇ ಆಗಲಿಲ್ಲ!"

ತೂತಿನಿಂದ ತಣ್ಣೀರೆಲ್ಲ ಸೋರಿ, ಬಿಸಿಗಾಳಿ ಒಳಗೆ ಸೇರಿತ್ತು. ಬೈಯಲು ರಾಹಿಲಾಳಿಗೆ ಬಾಯಿ ತುಂಬ ಮಾತಿತ್ತು, ಸಮಯವಿರಲಿಲ್ಲ. ಮೀನು ಎಂದದ್ದೇ ಅವಳ ತಲೆಯಲ್ಲಿ ಏನೋ ಹೊಳೆಯಿತು.

"ಪುಷ್ಪಕ್ಕಾ, ನಿಮ್ಮಲ್ಲಿಗೆ ಮೀನು ಎಷ್ಟು ಗಂಟೆಗೆ ಬರ್ತದೆ?"

"ಒಂದಕ್ಕೆ, ಬೀರಾನ್ ಬ್ಯಾರಿಯ ಟೆಂಪೋ. ಎರಡು ಸಲ ಹಾರ್ನ್ ಹೊಡೆದು ಹೋಗಿಯೇ ಬಿಡ್ತಾರೆ." ಅವಳ ಕಣ್ಣು ಅರಳಿತು. "ತೊರೆಯಲ್ಲೇ ಇಳಿದರೆ ಅರ್ಧ ಗಂಟೆ. ಬನ್ನಿ!"

ಇಳಿದದ್ದಲ್ಲ, ಉರುಳಿದ್ದು! ಉಳಿದ ಐಸಿನ ಜೊತೆ ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿರಡೆ ಜಡಿದು, ಧನರಾಜ್ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತ. ಸೊಂಟದವರೆಗೆ ನೀರು. ರಾಹಿಲಾ ಎರಡು ಸಲ ಬಿದ್ದಳು, ಮೊಣಕಾಲಿನ ಚರ್ಮ ಕಿತ್ತುಹೋಯಿತು. ಕೆಳಗಿನಿಂದ ಕೇಳಿತು: ಪೋಂ!

"ಓಡಿ!"

ಪೋಂ! ಎರಡನೆಯದು. ಟೆಂಪೋ ಹೊರಟೇಬಿಟ್ಟಿತು. ಆಗ ಪುಷ್ಪಾವತಿ ಎರಡೂ ಕೈ ಬಾಯಿಗಿಟ್ಟು ಕೂ ಹಾಕಿದಳು ನೋಡಿ, ಗುಡ್ಡವೇ ಓಗೊಟ್ಟಿತು. ಟೆಂಪೋ ಗಕ್ಕನೆ ನಿಂತಿತು.

"ಬಂಗುಡೆ ಉಂಟು, ಬೂತಾಯಿ ಮುಗೀತು," ಎಂದರು ಬೀರಾನ್.

"ಮೀನು ಬೇಡ ಕಾಕಾ, ಐಸ್ ಕೊಡಿ! ಕಲ್ಲುಪ್ಪೂ!"

"ಬರೇ ಐಸಾ? ಎಂತಕ್ಕೆ?"

"ಹಾವಿನ ವಿಷಕ್ಕೆ!"

ಬೀರಾನ್ ಮೂವರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. ಪುಷ್ಪಾವತಿ ವಿಷಯ ಹೇಳಿದಳು. ವಾಸುವಿನ ಹೆಸರು ಕೇಳಿದ್ದೇ ಅವರು ಸಲಿಕೆ ಎತ್ತಿಕೊಂಡರು. "ಪೆಟ್ಟಿಗೆ ತೆರೀರಿ ಮಾರಾಯ್ರೆ. ನನ್ನ ಮೀನು ಇವತ್ತು ಬೇಗ ಮಾರಿದರಾಯ್ತು."

ಐಸಿಗೆ ಉಪ್ಪು ಬೆರೆತು ಪೆಟ್ಟಿಗೆ ಕೊರೆಯತೊಡಗಿತು. ಜೀಪು ಕಾರ್ಕಳ ದಾಟಿ, ಹಿರಿಯಡ್ಕ ದಾಟಿ, ಮಣಿಪಾಲ ಮುಟ್ಟಿದಾಗ ಗಂಟೆ ಮೂರೂವರೆ. ರಾಹಿಲಾಳ ಮೈಯೆಲ್ಲ ಬಂಗುಡೆ ವಾಸನೆ.

ಮರುದಿನ ಮಧ್ಯಾಹ್ನ ಅವಳ ಮುಂದೆ ಮೂರು ನಳಿಕೆಗಳಿದ್ದವು. ಪ್ರತಿಯೊಂದರಲ್ಲೂ ಸ್ವಲ್ಪ ರಕ್ತ, ಒಂದೊಂದು ಹಾವಿನ ವಿಷ, ಹೊಸ ಮದ್ದು. ವಿಷ ಗೆದ್ದರೆ ರಕ್ತ ನೀರಾಗಿಯೇ ಇರುತ್ತದೆ, ಮದ್ದು ಗೆದ್ದರೆ ಹೆಪ್ಪುಗಟ್ಟುತ್ತದೆ. ಒಂದನ್ನು ಓರೆ ಮಾಡಿದಳು. ಹೆಪ್ಪುಗಟ್ಟಿತ್ತು. ಎರಡನೆಯದೂ. ಮೂರನೆಯದನ್ನು, ಬಂಡೆಯ ಹಾವಿನದನ್ನು, ಎತ್ತಿಕೊಂಡಳು. ಓರೆ ಮಾಡಿದಳು. ರಕ್ತ ಅಲುಗಲಿಲ್ಲ!

ಅವಳು ಹಾಕಿದ ಕೇಕೆಗೆ ಪಕ್ಕದ ಕೋಣೆಯವರು ಓಡಿಬಂದರು. ಅವಳು ಆಗಲೇ ಪುಷ್ಪಾವತಿಗೆ ಫೋನು ಮಾಡಿದ್ದಳು.

ಆ ಕಡೆ ಪುಷ್ಪಾವತಿ ವಾಸುವಿಗೆ ವಿಷಯ ಹೇಳುವುದು ಕೇಳಿಸಿತು. ಮತ್ತೆ, "ಇವರು ಕೇಳ್ತಿದ್ದಾರೆ, ನಮ್ಮ ಆಸ್ಪತ್ರೆಗೆ ಯಾವಾಗ ಬರ್ತದಂತೆ?"

ಸುಳ್ಳು ಹೇಳಲು ರಾಹಿಲಾಳಿಗೆ ಮನಸ್ಸಾಗಲಿಲ್ಲ. "ಇದು ಮೊದಲ ಮೆಟ್ಟಿಲು ಪುಷ್ಪಕ್ಕಾ. ಇನ್ನೂ ತುಂಬ ಪರೀಕ್ಷೆ ಉಂಟು. ಮೂರು ನಾಲ್ಕು ಮಳೆಗಾಲ ಆಗಬಹುದು."

"ಆಗಲಿ," ಎಂದಳು ಪುಷ್ಪಾವತಿ. "ಅಲ್ಲಿವರೆಗೆ ನಾವು ಜಾಗ್ರತೆಯಾಗಿ ಕಾಲಿಡ್ತೇವೆ. ನೀವು ಬೇಗ ಮಾಡಿ."